ಊಟಿಗೆ ಹಿಕರಿ ಗಾಲ್ಫ್ ಕ್ಲಬ್: ನಾಲ್ಕು ಜನ, ಎರಡೇ ಸೆಟ್

ಹೊಸೂರು ನಾಲ್ವರು
ಡಿಸೆಂಬರ್ ಕೊನೆಗೆ ನಾಲ್ಕು ಜನ ಹೊಸೂರಿಂದ ಕಾರಲ್ಲಿ ಊಟಿಗೆ ಹೊರಟಿದ್ದೀವಿ. ಜಿಮ್ಖಾನಾ ಗಾಲ್ಫ್ ಕೋರ್ಸಲ್ಲಿ ಎರಡು ದಿನ ಆಟ. ಇರೋದು 1920ರ ದಶಕದ ಎರಡು ಸೆಟ್ ಕ್ಲಬ್ (ಗಾಲ್ಫ್ ಕೋಲು), ಶಾಫ್ಟ್ ಅಂದ್ರೆ ಕೋಲಿನ ದಂಡ ಹಿಕರಿ ಮರದ್ದು. ಒಂದೊಂದರಲ್ಲಿ ಏಳೇಳು: ಮರದ ಹೆಡ್ಡಿನ ಬ್ರಾಸಿ, ಸ್ಪೂನ್, ಕಬ್ಬಿಣದ ಹೆಡ್ಡಿನ ಮಿಡ್-ಐರನ್, ಮ್ಯಾಶಿ, ಮ್ಯಾಶಿ-ನಿಬ್ಲಿಕ್, ನಿಬ್ಲಿಕ್, ಪಟ್ಟರ್. ಒಂದು ಮ್ಯಾಶಿಯ ಹೆಡ್ ಹಿಡಿದು ತಿರುವಿದರೆ ಸಣ್ಣಗೆ 'ಕಟ್' ಅನ್ನುತ್ತೆ. ರಾತ್ರಿಯೆಲ್ಲ ನೀರಲ್ಲಿ ನೆನೆಸಿಟ್ರೆ ಬಿಗಿಯಾಗುತ್ತೆ ಅಂತಾರೆ, ನಿಜವಾ? ಎರಡು ಸೆಟ್ಟಲ್ಲಿ ನಾಲ್ವರು ಹೇಗೆ ಆಡೋದು? ಯಾವ ಬಾಲ್? ಕಾರಲ್ಲಿ ಹೇಗೆ ಇಡೋದು?

ಅಗಸೆಎಣ್ಣೆ, ಕಾಸರಗೋಡು
ನೆನೆಸುವುದು ಬೇಡವೇ ಬೇಡ ಮಾರಾಯ್ರೆ. ಮರ ಉಬ್ಬಿ ಎರಡು ದಿನ ಬಿಗಿ ಉಂಟು ಅನಿಸುತ್ತದೆ. ಉಬ್ಬುವಾಗ ಸುತ್ತಲಿನ ಕಬ್ಬಿಣಕ್ಕೆ ಒತ್ತಿ ನಾರು ಜಜ್ಜಿಹೋಗುತ್ತದೆ, ಹಾಗಾಗಿ ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಒಳಗೆ ತುಕ್ಕು ಬೇರೆ.

ಹೆಡ್ಡಿನ ಕತ್ತಿನಲ್ಲಿ (ಶಾಫ್ಟ್ ತೂರಿರುವ ಕೊಳವೆ) ಅಡ್ಡಲಾಗಿ ಒಂದು ಪಿನ್ನು ಇರುತ್ತದೆ, ಸುಮಾರು ಎರಡೂವರೆ ಮಿಲಿಮೀಟರ್ ದಪ್ಪ. ತುಕ್ಕು ಉಜ್ಜಿದರೆ ಎರಡೂ ಬದಿ ಚುಕ್ಕೆಯ ಹಾಗೆ ಕಾಣುತ್ತದೆ. ಕತ್ತನ್ನು ಮರದ ತುಂಡಿನ ಮೇಲೆ ಆನಿಸಿ, ಪಿನ್ನಿಗಿಂತ ತುಸು ಸಪೂರದ ಪಂಚ್ ಇಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟಿ. ಕದಲದಿದ್ದರೆ ಆಚೆ ಬದಿಯಿಂದ ತಟ್ಟಿ. ಬೆಂಕಿ ಹಿಡಿಯಬೇಡಿ, ಒಳಗಿನ ಮರ ಕರಟಿದರೆ ಶಾಫ್ಟೇ ಹೋಯಿತು. ಪಿನ್ನು ಬಂದ ಮೇಲೆ ಹೆಡ್ಡನ್ನು ಎಳೆದು ತೆಗೆದು, ಶಾಫ್ಟಿನ ತುದಿಯಿಂದ ಹಳೆ ಅಂಟು, ತುಕ್ಕಿನ ಪುಡಿ ಮಾತ್ರ ಕೆರೆಯಿರಿ, ಮರಳುಕಾಗದ ಹಾಕಿ ಮರವನ್ನು ತೇಯಬೇಡಿ. ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್ ಎರಡು ಟ್ಯೂಬಿನಿಂದಲೂ ಸಮ ಅಳತೆ ಕಲಸಿ, ಒಳಗೂ ಹೊರಗೂ ತೆಳ್ಳಗೆ ಸವರಿ, ತೂತಿಗೆ ತೂತು ಕೂಡಿಸಿ ಪಿನ್ನು ಹೊಡೆಯಿರಿ. 24 ಗಂಟೆ ಮುಟ್ಟಬೇಡಿ. ಐದು ನಿಮಿಷದ ಅಂಟು ಪೆಟ್ಟಿಗೆ ನಿಲ್ಲುವುದಿಲ್ಲ.

ಉಳಿದ ಹದಿಮೂರನ್ನೂ ಒಮ್ಮೆ ನೋಡಿ. ಹತ್ತಿಯ ಉಂಡೆಯನ್ನು ಶಾಫ್ಟಿನ ಉದ್ದಕ್ಕೆ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ನಾರು ಎದ್ದಿದೆ. ಹೆಡ್ಡಿನ ಮೇಲಿನ ನಾಲ್ಕು ಇಂಚಿನೊಳಗೆ ಸಿಕ್ಕಿದರೆ ಆ ಕ್ಲಬ್ ಮನೆಯಲ್ಲೇ ಇರಲಿ, ಮುರಿಯುವುದು ಅಲ್ಲಿಯೇ. ಬ್ರಾಸಿ, ಸ್ಪೂನಿನ ಕತ್ತಿಗೆ ಸುತ್ತಿದ ಮೇಣದ ದಾರ ಉಗುರಿಗೆ ಸರಿದರೆ ಬಿಚ್ಚಿ ಹೊಸದು ಸುತ್ತಬೇಕು.

ಆಮೇಲೆ ಎಣ್ಣೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್ಸೀಡ್ (ಅಗಸೆ ಎಣ್ಣೆ) ಕೇಳಿ. ಒಂದು ಶಾಫ್ಟಿಗೆ ಎಂಟು-ಹತ್ತು ಹನಿ ಸಾಕು. ಬಟ್ಟೆಯಲ್ಲಿ ಉಜ್ಜಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನೆಲ್ಲ ಒರೆಸಿ, ಒಂದು ರಾತ್ರಿ ಒಣಗಲಿ. ಆ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಕಾರಿನ ಡಿಕ್ಕಿಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ತಾನಾಗಿ ಬೆಂಕಿ ಹತ್ತುವುದುಂಟು. ಹರಡಿ ಒಣಗಿಸಿ, ಇಲ್ಲವೆ ನೀರಲ್ಲಿ ಅದ್ದಿಡಿ.

ತಾಳವಾಡಿ ತಿರುವು
ಕಾರಿನ ವಿಷಯ. ಹಿಂದಿನ ಸೀಟಿನ ಒಂದು ಭಾಗ ಮಡಚಿ ಬ್ಯಾಗ್ ಉದ್ದಕ್ಕೆ ಮಲಗಿಸಿ. ಮೇಲೆ ಸೂಟ್‌ಕೇಸ್ ಹೇರಬೇಡಿ. ಗಂಟೆಗಟ್ಟಲೆ ಭಾರ ಬಿದ್ದರೆ ಹಿಕರಿ ಬಾಗಿ ಹಾಗೇ ನಿಂತುಬಿಡುತ್ತೆ. ಮರದ ಹೆಡ್ಡುಗಳಿಗೆ ಹಳೆ ಕಾಲುಚೀಲ ತೊಡಿಸಿ, ಶಾಫ್ಟುಗಳನ್ನು ಎರಡು ಕಡೆ ಹತ್ತಿ ಪಟ್ಟಿಯಲ್ಲಿ ಸಡಿಲವಾಗಿ ಕಟ್ಟಿ. ಬ್ಯಾಗಿನೊಳಗೆ ಅತಿ ಉದ್ದದ ಕ್ಲಬ್ಬಿಗಿಂತ ಎರಡು ಇಂಚು ಉದ್ದದ ಬಿದಿರು ಕೋಲು ಇಟ್ಟರೆ ಬ್ಯಾಗ್ ಮುಂದೆ ಜಾರಿದಾಗ ಪೆಟ್ಟು ಅದಕ್ಕೆ. ಮೈಸೂರಲ್ಲಿ ಊಟಕ್ಕೆ ನಿಲ್ಲಿಸಿದರೆ ನೆರಳು ನೋಡಿ: ಬಿಸಿಲಿಗೆ ಹಿಡಿಯ ತೊಗಲಿನಡಿಯ ರಾಳ ಮೆತ್ತಗಾಗಿ ಸುತ್ತು ಜಾರುತ್ತೆ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹೋಗುವಾಗ ತೊಂದರೆಯಿಲ್ಲ, ಎರಡನೇ ದಿನ ಆಟ ಮುಗಿಸಿ ವಾಪಸಾಗುವವರೇ ಸಿಕ್ಕಿಬೀಳೋದು. ಮಸಿನಗುಡಿ-ಕಲ್ಲಹಟ್ಟಿ ದಾರಿ ಹತ್ತಿರವೇ, ಆದರೆ 36 ಕಡಿದಾದ ತಿರುವು. ಗೂಡಲೂರು ಮೇಲೆ ಹೋಗಿ. ನೀಲಗಿರಿಗೆ ಇ-ಪಾಸ್ ಮೊದಲೇ ತೆಗೆದಿಡಿ. ಪ್ಲಾಸ್ಟಿಕ್ ನೀರಿನ ಬಾಟಲಿಗೆ ಅಲ್ಲಿ ನಿಷೇಧ, ಸ್ಟೀಲ್ ಬಾಟಲಿ ಇರಲಿ.

ಕೃಷ್ಣಗಿರಿ ನಿಬ್ಲಿಕ್
ಎರಡು ಸೆಟ್, ನಾಲ್ಕು ಜನ ಅಂದ್ರೆ ಫೋರ್ಸಮ್ಸ್ ಆಡಿ. ಇಬ್ಬರ ಜೋಡಿಗೆ ಒಂದೇ ಬಾಲ್, ಸರದಿ ಪ್ರಕಾರ ಹೊಡೆತ. ಒಬ್ಬ ಬೆಸ ಹೋಲ್‌ಗಳಲ್ಲಿ ಟೀಯಿಂದ ಮೊದಲ ಹೊಡೆತ ಹೊಡೆದರೆ ಇನ್ನೊಬ್ಬ ಸಮ ಹೋಲ್‌ಗಳಲ್ಲಿ. ಜೋಡಿಯವರು ಕ್ಲಬ್ ಹಂಚಿಕೊಳ್ಳಬಹುದು, ಇಬ್ಬರದೂ ಸೇರಿ 14 ಮೀರಬಾರದು ಅಷ್ಟೇ. ನಿಮ್ಮದು ಏಳೇ. (ಇವು ತಯಾರಾದ ಕಾಲಕ್ಕೆ ಆ ಮಿತಿಯೇ ಇರಲಿಲ್ಲ, ಗಾಲ್ಫ್ ನಿಯಮ ಮಾಡುವ ಆರ್ ಅಂಡ್ ಎ ಸಂಸ್ಥೆ ಅದನ್ನು ತಂದದ್ದು 1939ರಲ್ಲಿ.) ಎದುರು ಜೋಡಿಯ ಕ್ಲಬ್ ಕೇಳೋ ಹಾಗಿಲ್ಲ. ಪಟ್ಟರ್ ಮರೆತು ಬಂದ್ರೆ ಮ್ಯಾಶಿಯಲ್ಲೇ ತಳ್ಳಿ!

ಬಾಲ್ ಮೆತ್ತಗಿರಲಿ, ಕಂಪ್ರೆಷನ್ (ಬಾಲಿನ ಗಡಸುತನದ ಅಂಕಿ) 60ರ ಕೆಳಗಿನದು. 90-100ರದ್ದು ಹೊಡೆದರೆ ಅದುರು ನೇರ ಕತ್ತಿಗೇ ಹೋಗುತ್ತೆ. ಹಿಕರಿ ಶಾಫ್ಟ್ ತಿರುಚಿಕೊಳ್ಳುತ್ತೆ: ಮೇಲಿಂದ ಅವಸರದಲ್ಲಿ ಎಳೆದರೆ ಹೆಡ್ ಹಿಂದೆ ಉಳಿದು, ಬಾಲಿಗೆ ತಾಗುವ ಮುಖ ತೆರೆದೇ ಬಂದು ಬಾಲ್ ಬಲಕ್ಕೆ. ಮೇಲೆ ಒಂದು ಕ್ಷಣ ನಿಂತು ಇಳಿಸಿ. ಮ್ಯಾಶಿ ಹಳೆ ಲೆಕ್ಕದಲ್ಲಿ 5ನೇ ಐರನ್, ಆದರೆ ದೂರ ಈಗಿನ 7ರ ಆಸುಪಾಸು ಅಂತ ಇಟ್ಕೊಳ್ಳಿ. ಊಟಿ 2,200 ಮೀಟರ್ ಎತ್ತರ, ಗಾಳಿ ತೆಳು, ಸ್ವಲ್ಪ ಹೆಚ್ಚೇ ಹೋಗುತ್ತೆ. ನಿಬ್ಲಿಕ್‌ನ ತಳ ತೆಳ್ಳಗೆ, ಬಂಕರಿನಲ್ಲಿ ಮರಳಿಗೆ ಹೂತುಕೊಳ್ಳುತ್ತೆ. ಮುಖ ತೆರೆದಿಟ್ಟು ಬಾಲಿನ ಹಿಂದೆ ಒಂದೇ ಇಂಚು ಮರಳು ತೆಗೆಯಿರಿ. ಹೊರಡೋ ಮುಂಚೆ ರೇಂಜಿನಲ್ಲಿ (ಅಭ್ಯಾಸದ ಮೈದಾನ) ಐವತ್ತು ಬಾಲ್ ಹೊಡೆದರೆ ಕೈ ಕೂರುತ್ತೆ.

ಅಗಸೆಎಣ್ಣೆ, ಕಾಸರಗೋಡು
ರೇಂಜಿನಲ್ಲಿ ಮ್ಯಾಟಿನ ಮೇಲಾದರೆ ಒಂದೂ ಬೇಡ. ಅಡಿಯಲ್ಲಿ ಕಾಂಕ್ರೀಟು, ಮೇಲೆ ಕಲ್ಲಿನಂಥ ರೇಂಜ್ ಬಾಲು. ಹಿಕರಿ ಹೆಚ್ಚಾಗಿ ಮುರಿಯುವುದು ಹೀಗೆಯೇ. ಹುಲ್ಲಿನ ಮೇಲೆ ಇಪ್ಪತ್ತು ಸಾಕು.

ಹೊಸೂರು ನಾಲ್ವರು
ಹೊರಡೋಕೆ ನಾಲ್ಕೇ ದಿನ. ಬೆಳಗಿನ ಇಬ್ಬನಿಗೆ ಹಿಡಿ ಒದ್ದೆಯಾದರೆ?

ಕೃಷ್ಣಗಿರಿ ನಿಬ್ಲಿಕ್
ಒಪ್ಪಿದೆ, ಮ್ಯಾಟ್ ಬೇಡ. ಇಬ್ಬನಿಗೆ ಇಬ್ಬರಿಗೊಂದರಂತೆ ಎರಡು ಒಣ ಟವೆಲ್. ಪ್ರತಿ ಹೊಡೆತ ಆದಮೇಲೆ ಹೆಡ್ ಒರೆಸಿಯೇ ಬ್ಯಾಗಿಗೆ, ಬ್ಯಾಗ್ ಹೊರುವ ಕ್ಯಾಡಿಗೂ ಹೇಳಿಡಿ. ಹಿಡಿಯ ತೊಗಲು ನೆನೆದರೆ ಹೀಟರ್ ಎದುರು ಹಿಡಿಯಬೇಡಿ, ಬಿರುಕು ಬಿಡುತ್ತೆ. ರೂಮಿನ ಗೋಡೆಗೆ ಒರಗಿಸಿಟ್ಟೂ ಮಲಗಬೇಡಿ, ಮಂಚದ ಕೆಳಗೆ ಉದ್ದಕ್ಕೆ ಮಲಗಿಸಿ.