ತಾಲ್ ಸರೋವರದ ತಾವಿಲಿಸ್ ತಿನ್ನಬಹುದಾ?

ಮಲ್ಪೆಯವನು: ಕೆಲಸಕ್ಕೆ ಅಂತ ಮನಿಲಾದಲ್ಲಿದ್ದೇನೆ. ಹೋದ ಭಾನುವಾರ ತಗಾಯ್ತಾಯ್‌ಗೆ ಹೋಗಿದ್ದೆ, ಅಲ್ಲಿ ಗುಡ್ಡದ ಮೇಲೆ ಕೂತರೆ ಕೆಳಗೆ ತಾಲ್ ಸರೋವರ ಕಾಣುತ್ತದೆ. ಹೋಟೆಲಿನಲ್ಲಿ ತಾವಿಲಿಸ್ ಅಂತ ಹುರಿದ ಮೀನು ಕೊಟ್ಟರು. ನೋಡಿದರೆ ನಮ್ಮ ಕಡಲಿನ ಬೂತಾಯಿ ಮೀನಿನ ಥರವೇ, ಸ್ವಲ್ಪ ಚಿಕ್ಕದು. ತುಂಬಾ ರುಚಿ. ಮಾರನೇ ದಿನ ಆಫೀಸಿನಲ್ಲಿ ಒಬ್ಬರು ಅದು ಅಳಿವಿನ ಅಂಚಿನ ಮೀನು ಅಂದರು. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಬೂತಾಯಿ ಒಂದು ವರ್ಷ ಕಡಿಮೆಯಾದರೆ ಇನ್ನೊಂದು ವರ್ಷ ಬರುತ್ತದೆ. ಇದೂ ಹಾಗೇ ಅಲ್ವಾ?

ಕೆರೆದಂಡೆ: ಹಾಗಲ್ಲ ಅಣ್ಣ. ಬೂತಾಯಿಯ ನೆಂಟ ಅನ್ನುವುದು ನಿಜ, ಎರಡೂ ಸಾರ್ಡಿನೆಲ್ಲಾ ಕುಲದವು. ಆದರೆ ಆ ಕುಲದಲ್ಲಿ ಬರೀ ಸಿಹಿನೀರಿನಲ್ಲಿ ಬದುಕುವುದು ಇದೊಂದೇ, ಅದೂ ಇಡೀ ಜಗತ್ತಿನಲ್ಲಿ ಆ ಒಂದೇ ಸರೋವರದಲ್ಲಿ. ಹಿಂದೆ ತಾಲ್ ಸಮುದ್ರಕ್ಕೆ ತೆರೆದುಕೊಂಡಿತ್ತು. 1754ರಲ್ಲಿ ಸರೋವರದ ನಡುವಿನ ಜ್ವಾಲಾಮುಖಿ ತಿಂಗಳುಗಟ್ಟಲೆ ಸಿಡಿದು ಆ ದಾರಿ ಕಟ್ಟಿಹೋಯಿತು, ಈಗ ಉಳಿದಿರುವುದು ಪಾನ್ಸಿಪಿತ್ ಅನ್ನುವ ಸಣ್ಣ ಹೊಳೆ. ಒಳಗಿನ ಉಪ್ಪುನೀರು ಬರಬರುತ್ತಾ ಸಿಹಿಯಾಯಿತು. ಬೂತಾಯಿಗೆ ಇಡೀ ಅರಬ್ಬಿ ಸಮುದ್ರ ಇದೆ. ತಾವಿಲಿಸ್ ಅಲ್ಲಿ ಖಾಲಿಯಾದರೆ ಬೇರೆ ಎಲ್ಲಿಂದಲೂ ಬಂದು ಸೇರುವುದಿಲ್ಲ.

ಬಲೆಮನೆ: ನಮ್ಮ ಕಡೆ ಲೈಟ್ ಫಿಶಿಂಗ್ ಅಂತ ಗಲಾಟೆ ಆಗುತ್ತಲ್ಲ, ಅಲ್ಲೂ ಅದೇ ಕಥೆ. ರಾತ್ರಿ ದೊಡ್ಡ ದೀಪ ಹಾಕಿ ಗುಂಪುಗುಂಪಾಗಿ ಸೇರಿಸಿ ದೊಡ್ಡ ಬಲೆಯಲ್ಲಿ ಬಳಿದುಬಿಡುತ್ತಾರೆ. ಕಾನೂನಿಲ್ಲ ಅಂತಲ್ಲ, ಕದ್ದು ಮಾಡುತ್ತಾರೆ. ಅದರ ಜೊತೆಗೆ ತಿಲಾಪಿಯಾ ಮೀನು ಸಾಕುವ ಪಂಜರಗಳು. ಅಲ್ಲಿ ಸುರಿದ ಮೇವು ಕೊಳೆತು ನೀರು ಕೆಡುತ್ತದೆ. ತಾವಿಲಿಸ್ ತಿನ್ನುವುದು ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು, ನೀರು ಕೆಟ್ಟರೆ ಅದಕ್ಕೆ ಊಟವೇ ಹೋಯಿತು. 2019ರಲ್ಲಿ ಐಯುಸಿಎನ್ ಅನ್ನುವ ಜಾಗತಿಕ ಪ್ರಕೃತಿ ಸಂರಕ್ಷಣಾ ಸಂಸ್ಥೆ ತನ್ನ ಕೆಂಪು ಪಟ್ಟಿಯಲ್ಲಿ ಇದನ್ನು ಅಳಿವಿನಂಚಿನ ಮೀನು ಅಂತ ಸೇರಿಸಿದ್ದು ಸುಮ್ನೆ ಅಲ್ಲ.

ಕೆರೆದಂಡೆ: ಹಾಗಂತ ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಸಣ್ಣ ಬಲೆ ಬೀಸಿ ಹೊಟ್ಟೆ ಹೊರೆಯುವ ಮನೆಗಳು ಆ ದಂಡೆಯಲ್ಲಿ ಎಷ್ಟೋ ಇವೆ. ಆದರೆ ಮಾರ್ಚ್, ಏಪ್ರಿಲ್ ಮೊಟ್ಟೆ ಇಡುವ ಕಾಲ ಅಂತ ತಾವಿಲಿಸ್ ಹಿಡಿಯುವುದನ್ನೇ ನಿಲ್ಲಿಸುತ್ತಾರೆ, ನಮ್ಮಲ್ಲಿ ಜೂನ್, ಜುಲೈನಲ್ಲಿ ಬೋಟು ದಡಕ್ಕೆ ಕಟ್ಟುತ್ತಾರಲ್ಲ ಹಾಗೆ. ಆ ಎರಡು ತಿಂಗಳು ಯಾರು ತಂದಿಟ್ಟರೂ ಬೇಡ ಅನ್ನಿ.

ಮಲ್ಪೆಯವನು: ನಾನು ತಿಂದಿದ್ದು ಮಾರ್ಚ್‌ನಲ್ಲೇ. ಗೊತ್ತಿರಲಿಲ್ಲ, ನಿಜವಾಗಿಯೂ ಬೇಜಾರಾಯಿತು. ಮುಂದಿನ ವಾರ ಅಪ್ಪ ಅಮ್ಮ ಬರುತ್ತಿದ್ದಾರೆ, ಅದೇ ಹೋಟೆಲಿಗೆ ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೆ. ಸರೋವರ ತೋರಿಸುತ್ತೇನೆ, ಊಟಕ್ಕೆ ಬೇರೆ ಏನಾದರೂ ಹೇಳುತ್ತೇನೆ. ಅಪ್ಪ ನಲವತ್ತು ವರ್ಷ ಬೋಟಿಗೆ ಹೋದವರು, ಯಾಕೆ ಅಂತ ಅವರಿಗೆ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.