ಯಾಶಿಕಾಗೆ ವೈಂಡರ್ ಸಿಗುತ್ತದಾ?

ಪ್ರಶ್ನೆ (ಕುಂಬಳೆಯಿಂದ): ನಮಸ್ಕಾರ ಸಾರ್. ಮಾವ ಗಲ್ಫಿನಿಂದ ತಂದಿದ್ದ ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್ ಫಿಲ್ಮ್ ಕ್ಯಾಮೆರಾ ಈಗ ನನ್ನ ಹತ್ತಿರ ಇದೆ. ಭೂತಕೋಲದ ಫೋಟೋ ತೆಗೆಯುವಾಗ ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆಯುವಷ್ಟರಲ್ಲಿ ಕುಣಿತವೇ ಬದಲಾಗಿರುತ್ತದೆ. ಬೆವರಿಗೆ ಕೈ ಜಾರುವುದು ಬೇರೆ. ಲೈಕಾ ಕ್ಯಾಮೆರಾಗೆ ಇರುವ ಹಾಗೆ, ಫಿಲ್ಮನ್ನು ಬೇಗ ಮುಂದೆ ಸರಿಸಲು ತಳಕ್ಕೆ ಹಾಕುವ ವೈಂಡರ್, ಹೆಬ್ಬೆರಳಿನ ಗ್ರಿಪ್ ಇದಕ್ಕೂ ಸಿಗುತ್ತದಾ?

ಉತ್ತರ (ಕ್ಯಾಮೆರಾ ರಿಪೇರಿಯವರು): ವೈಂಡರ್ ಇಲ್ಲ ಮಾರಾಯ್ರೆ. ನೀವು ಹೇಳುವುದು ಲೈಕಾವಿಟ್. ತಳದ ತಟ್ಟೆ ತೆಗೆದು ಅದನ್ನು ಕೂರಿಸಿ, ಎಡಗೈ ಬೆರಳಲ್ಲಿ ಟ್ರಿಗರ್ ಎಳೆದರೆ ಫಿಲ್ಮ್ ಮುಂದೆ ಹೋಗುತ್ತದೆ. ಅದಕ್ಕೆ ಕ್ಯಾಮೆರಾದ ಅಡಿಯಲ್ಲೇ ಒಂದು ಜೋಡಣೆ ಬೇಕು. ಮಾಮೂಲಿ ಲೈಕಾ ಎಂ3ಯಲ್ಲೇ ಅದಿಲ್ಲ, ಯಾಶಿಕಾದಲ್ಲಿ ಎಲ್ಲಿಂದ? 1956ರ ಕ್ಯಾನನ್ ವಿಟಿಗೆ ಟ್ರಿಗರ್ ಕಂಪೆನಿಯಿಂದಲೇ ತಳದಲ್ಲಿ ಬರುತ್ತಿತ್ತು. ಅದು ಬೇರೆ ಕಥೆ.

ಹೆಬ್ಬೆರಳಿನ ಗ್ರಿಪ್ ಫ್ಲಾಶ್ ಹಾಕುವ ಜಾಗಕ್ಕೆ ತೂರಿಸುವುದು. ಈಗ ಸಿಗುವವು ಜಾಸ್ತಿ ಡಿಜಿಟಲ್ ಕ್ಯಾಮೆರಾಗೆ ಮಾಡಿದವು. ಅವುಗಳಲ್ಲಿ ಲಿವರ್ ಇಲ್ಲವಲ್ಲ, ಹಾಗಾಗಿ ನಿಮ್ಮದರಲ್ಲಿ ಲಿವರಿಗೇ ಅಡ್ಡ ಬರಬಹುದು. ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ಜಾರುವುದಕ್ಕೆ ಮಣಿಕಟ್ಟಿನ ಪಟ್ಟಿ ಸಾಕು. ಷಟರ್ ಬಟನ್‌ಗೆ ತಿರುಗಿಸಿ ಹಾಕುವ ಸಾಫ್ಟ್ ರಿಲೀಸ್ (ಮೆಲ್ಲಗೆ ಒತ್ತಲು ಇರುವ ಚಿಕ್ಕ ಗುಂಡಿ) ಬೇಕಾದರೆ ಹಾಕಿ, ಆದರೆ ಚೀಲಕ್ಕೆ ಹಾಕುವ ಮೊದಲು ಬಟನ್ ಸುತ್ತಲಿನ ಲಾಕ್ ತಿರುಗಿಸಿ. ಇಲ್ಲದಿದ್ದರೆ ಸುಮ್ನೆ ಚೀಲದ ಒಳಗಿನ ಕತ್ತಲೆಯ ಫೋಟೋ ಬರುತ್ತದೆ!

ಬೇಗ ಎಳೆಯಲು ಅಭ್ಯಾಸವೇ ದಾರಿ. ಕ್ಲಿಕ್ ಆದ ಕೂಡಲೇ, ಕಣ್ಣು ತೆಗೆಯದೆ, ಒಂದೇ ಎಳೆತ. ರಿವೈಂಡ್ ಗುಂಡಿ ತಿರುಗುತ್ತಿದ್ದರೆ ಫಿಲ್ಮ್ ಹೋಗುತ್ತಿದೆ ಎಂದರ್ಥ.

ಅದಕ್ಕೂ ಮೊದಲು ಒಂದು ಕೆಲಸ. ಕ್ಯಾಮೆರಾವನ್ನು ಕಿವಿಗೆ ಹಿಡಿದು ಲಿವರ್ ಎಳೆಯಿರಿ. ಒಳಗಿಂದ ‘ಟಕ್’ ಅಂತ ಕೇಳಬೇಕು.

ಪ್ರಶ್ನೆ: ನಾಲ್ಕು ಸಲ ಎಳೆದೆ ಸಾರ್. ಟಕ್ ಇಲ್ಲ.

ಉತ್ತರ: ಹಾಗಾದರೆ ಗ್ರಿಪ್ ಆಮೇಲೆ. ಒಳಗೆ ಒಂದು ಚಿಕ್ಕ ರಬ್ಬರ್ ತುಂಡು ಉಂಟು. ವರ್ಷಗಟ್ಟಲೆ ಕಳೆದಾಗ ಪುಡಿಯಾಗುತ್ತದೆ. ಆಗ ಆ ಟಕ್ ಕೇಳುವುದಿಲ್ಲ, ಷಟರ್ ಟೈಮಿಂಗ್ ಕೂಡ ತಪ್ಪುತ್ತದೆ. ಈ ಮಾಡೆಲ್‌ಗೆ ಇದು ಮಾಮೂಲಿ ಕಾಯಿಲೆ. ರಬ್ಬರಿನದ್ದು ಚಿಲ್ಲರೆ ಖರ್ಚು, ಬಿಚ್ಚುವುದೇ ದೊಡ್ಡ ಕೆಲಸ. ಅದು ಸರಿಯಾಗುವ ತನಕ ಫಿಲ್ಮ್ ಹಾಕಬೇಡಿ. ಮತ್ತೆ, ಮಳೆಗಾಲದಲ್ಲಿ ಚರ್ಮದ ಕವರಿನಲ್ಲಿ ಇಡಬೇಡಿ, ಲೆನ್ಸ್‌ಗೆ ಬೂಸು ಹಿಡಿಯುತ್ತದೆ.