ಜರ್ಮನಿಗೆ ಓದಲು ಹೊರಟಿದ್ದೇನೆ. ಹೋಗಿ ಬಂದವರು ಅನುಭವ ಹಂಚಿಕೊಳ್ಳುವಿರಾ?

ಬಸವನಗುಡಿಯ ವಿದ್ಯಾರ್ಥಿನಿ: ಎಲ್ಲರಿಗೂ ನಮಸ್ಕಾರ. ಬಾಡೆನ್-ವುರ್ಟೆಂಬರ್ಗ್ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಮೆಕ್ಯಾನಿಕಲ್ ಸ್ನಾತಕೋತ್ತರ ಪದವಿಗೆ ನನಗೆ ಸೀಟು ದೊರೆತಿದೆ. ನನ್ನ ಅಂಕಪಟ್ಟಿಗಳು ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರ ಕೈಸೇರಿದೆ. ಅಲ್ಲಿನ ಖರ್ಚಿಗೆಂದು ಮೊದಲೇ ಕಟ್ಟಿ ತಿಂಗಳಿಗಿಷ್ಟೆಂದು ಪಡೆಯುವ ಬ್ಲಾಕ್ಡ್ ಅಕೌಂಟಿಗೆ 11,904 ಯೂರೋ ಹೊಂದಿಸುವುದೊಂದು ಬಾಕಿಯಿದ್ದು, ಅಪ್ಪ ಸಾಲಕ್ಕೆ ಸಹಿ ಹಾಕಲು ಸಿದ್ಧರಿದ್ದಾರೆ. ಅಮ್ಮ ಮಾತ್ರ "ಇಲ್ಲಿ ಕಲಿಯಲಾಗದ್ದು ಅಲ್ಲೇನಿದೆ?" ಎಂದು ದಿನವೂ ಕೇಳುತ್ತಾರೆ, ನನ್ನ ಬಳಿ ಉತ್ತರವಿಲ್ಲ. ಮನೆ ಬಿಟ್ಟು ಒಂದು ರಾತ್ರಿಯೂ ಒಬ್ಬಳೇ ಇದ್ದವಳಲ್ಲ. ಹೋದ ಮೇಲೆ ನಿಮ್ಮಲ್ಲಿ ಏನು ಬದಲಾಯಿತು ಎಂಬುದನ್ನು ದಯವಿಟ್ಟು ತಿಳಿಸಿ.

ಮಲ್ಲೇಶ್ವರದಿಂದ: ನಾನು ಅಲ್ಲಿಗೆ ತಲುಪಿದ್ದು 2022ರ ಅಕ್ಟೋಬರ್ 1, ಶನಿವಾರ ರಾತ್ರಿ. ಮರುದಿನ ಭಾನುವಾರ, ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಸೋಮವಾರ ಅಕ್ಟೋಬರ್ 3, ಎರಡು ಜರ್ಮನಿಗಳು ಒಂದಾದ ದಿನದ ರಜೆ. ರೈಲು ನಿಲ್ದಾಣದೊಳಗಿನ ಅಂಗಡಿಗಳು ತೆರೆದಿರುತ್ತವೆ ಎಂಬುದು ತಿಳಿಯದೆ, ಅಮ್ಮ ಕಟ್ಟಿಕೊಟ್ಟಿದ್ದ ಅವಲಕ್ಕಿ ಮತ್ತು ಚಟ್ನಿಪುಡಿಯಲ್ಲೇ ಎರಡು ದಿನ ಕಳೆದೆ. ಆಗ ಬ್ಲಾಕ್ಡ್ ಅಕೌಂಟಿಗೆ 10,332 ಯೂರೋ, ಅಂದರೆ ಸುಮಾರು ಎಂಟೂಕಾಲು ಲಕ್ಷ ರೂಪಾಯಿ ಕಟ್ಟಿದ್ದೆವು. ಅದರಿಂದ ತಿಂಗಳಿಗೆ ಕೈಗೆ ಬರುತ್ತಿದ್ದುದು 861 ಯೂರೋ. ಕೋಣೆಯ ಬಾಡಿಗೆಯೇ 390. ಇವುಗಳ ನಡುವೆ, ಮನೆಯಲ್ಲಿ ಟಿವಿ ಇಲ್ಲದಿದ್ದರೂ ಕಟ್ಟಲೇಬೇಕಾದ 18.36 ಯೂರೋಗಳ ಪ್ರಸಾರ ಶುಲ್ಕವೊಂದಿದೆ. ಅದರ ಪತ್ರಗಳು ಜರ್ಮನ್ ಭಾಷೆಯಲ್ಲಿ ಬರುತ್ತಿದ್ದವು, ಓದಲಾಗದೆ ಮೇಜಿನ ಮೂಲೆಯಲ್ಲಿ ಪೇರಿಸುತ್ತಿದ್ದೆ. ಒಂಬತ್ತು ತಿಂಗಳ ಬಾಕಿ 165.24 ಯೂರೋ ದಂಡಸಮೇತ ಬಂದ ದಿನ ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ನಿಘಂಟು ಹಿಡಿದು ಕುಳಿತೆ.

ಇನ್ನು ಪರೀಕ್ಷೆಯ ವಿಷಯ. ಅಲ್ಲಿ 1.0 ಅತ್ಯುತ್ತಮ ಅಂಕ, 4.0 ಬಂದರೆ ಪಾಸು, 5.0 ಎಂದರೆ ಫೇಲು. ಕಂಟ್ರೋಲ್ ಥಿಯರಿಯಲ್ಲಿ ನನಗೆ ಎರಡು ಸಲವೂ 5.0 ಬಂತು. ನನ್ನ ವಿಭಾಗದಲ್ಲಿ ಮೂರನೆಯ ಸಲವೂ ಸೋತರೆ ಪದವಿಯಿಂದಲೇ ಹೊರಗೆ. ಮನೆಗೆ ಕರೆ ಮಾಡಿ "ಐದು ಬಂತು" ಎಂದಷ್ಟೇ ಹೇಳಿದೆ. ಹತ್ತಕ್ಕೆ ಐದು ಎಂದು ಭಾವಿಸಿದ ಅಮ್ಮ ಪಾಸಾದೆನೆಂದು ತಿಳಿದು ದೇವರಿಗೆ ದೀಪ ಹಚ್ಚಿದರು, ನಾನು ತಿದ್ದಲಿಲ್ಲ. ಆ ಸುಳ್ಳನ್ನು ಹೊತ್ತುಕೊಂಡು ಐದು ತಿಂಗಳು ಬೆಳಗಿನ ಐದು ಗಂಟೆಗೆ ಬೇಕರಿಯೊಂದರಲ್ಲಿ ಬ್ರೆಡ್ಡಿನ ತಟ್ಟೆಗಳನ್ನು ಒಲೆಯಿಂದ ಎಳೆದೆ. ಎರಡು ಸೆಮಿಸ್ಟರ್ ಹೆಚ್ಚು ಹಿಡಿದದ್ದಕ್ಕೆ ತಲಾ 1,500ರಂತೆ 3,000 ಯೂರೋ ಹೆಚ್ಚುವರಿ ಶುಲ್ಕ ತೆತ್ತೆ. ಮೂರನೆಯ ಸಲ ಪಾಸಾದೆ. ಈಗ ಕಾಗದ ಬಂದ ದಿನವೇ ಬಿಚ್ಚಿ ಓದುತ್ತೇನೆ, ಸೋತಾಗ ಸೋತೆನೆಂದು ಹೇಳುತ್ತೇನೆ. ನನ್ನಲ್ಲಿ ಬದಲಾದದ್ದು ಇದು.

ರಾಜಾಜಿನಗರದಿಂದ ಒಬ್ಬ ತಂದೆ: ಮಕ್ಕಳು ಬೆಳೆದ ಕಥೆಯನ್ನು ಎಲ್ಲರೂ ಬರೆಯುತ್ತಾರೆ, ಸಹಿ ಹಾಕಿದವರ ಕಥೆಯನ್ನು ನಾನು ಬರೆಯುತ್ತೇನೆ. 2023ರ ಜನವರಿಯಲ್ಲಿ ಮಗನನ್ನು ಇಂಗ್ಲೆಂಡಿಗೆ ಕಳುಹಿಸಲು ಕೆಂಗೇರಿಯ ಸೈಟನ್ನು ಅಡವಿಟ್ಟು 32 ಲಕ್ಷ ಸಾಲ ಮಾಡಿದೆ. ವೀಸಾ ಶುಲ್ಕ 363 ಪೌಂಡ್, ಹದಿನಾರು ತಿಂಗಳ ಆರೋಗ್ಯ ಶುಲ್ಕ 705 ಪೌಂಡ್. ಖರ್ಚಿನ ಹಣ ಖಾತೆಯಲ್ಲಿ 28 ದಿನ ಕದಲದೆ ಇರಬೇಕೆಂಬ ನಿಯಮಕ್ಕಾಗಿ, ಆ ಅವಧಿಯಲ್ಲಿ ನನ್ನ ಕಣ್ಣಿನ ಶಸ್ತ್ರಚಿಕಿತ್ಸೆಯನ್ನೂ ಮುಂದೂಡಿದೆ. 2024ರ ವಸಂತದಲ್ಲಿ ಓದು ಮುಗಿಯಿತು. ಎರಡು ವರ್ಷ ಉಳಿದು ಕೆಲಸ ಹುಡುಕಲು ಗ್ರಾಜುಯೇಟ್ ರೂಟ್ ವೀಸಾಕ್ಕೆ 822 ಪೌಂಡ್, ಆರೋಗ್ಯ ಶುಲ್ಕ 2,070 ಪೌಂಡ್, ಒಟ್ಟು ಮೂರು ಲಕ್ಷ ರೂಪಾಯಿ ಮತ್ತೆ ಕಳುಹಿಸಿದೆ. ಅದೇ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಕೆಲಸ ಸಿಕ್ಕವರಿಗೆ ಕೊಡುವ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬೇಕಾದ ಕನಿಷ್ಠ ವಾರ್ಷಿಕ ಸಂಬಳವನ್ನು 26,200ರಿಂದ 38,700 ಪೌಂಡಿಗೆ ಏರಿಸಿತು. ಹೊಸಬರಿಗೆ ಸ್ವಲ್ಪ ರಿಯಾಯಿತಿ ಇದೆಯಂತೆ, ಆದರೂ ಅವನನ್ನು ಯಾರೂ ಕರೆಯಲಿಲ್ಲ. ಮಗ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದಾನೆ. ನನ್ನ ಪಿಂಚಣಿ 46 ಸಾವಿರ, ಕಂತು 35 ಸಾವಿರ. ನಿನ್ನ ತಾಯಿ ಕೇಳುತ್ತಿರುವ ಪ್ರಶ್ನೆ ಸರಿಯಾಗಿದೆ ಮಗಳೇ.

ಜಯನಗರದಿಂದ: ಹಿರಿಯರಲ್ಲಿ ಕ್ಷಮೆ ಕೋರಿ ಹೇಳುತ್ತೇನೆ, ಮಗನನ್ನು ಬಡ್ಡಿಯ ಲೆಕ್ಕದ ಜೊತೆ ಬರೆಯಬೇಡಿ. ನಾನು ಅಮೆರಿಕದಲ್ಲಿ ಓದಿ, ಓದಿದವರು ಅಲ್ಲೇ ಕೆಲಸ ಮಾಡಲು ಕೊಡುವ ಒಂದು ವರ್ಷದ ಅನುಮತಿ (ಒಪಿಟಿ) ಮತ್ತು ಮೇಲಿನ ಎರಡು ವರ್ಷಗಳ ವಿಸ್ತರಣೆ ಮುಗಿಯುವಷ್ಟರಲ್ಲಿ ಎಚ್-1ಬಿ ಎಂಬ ಉದ್ಯೋಗ ವೀಸಾದ ಲಾಟರಿಯಲ್ಲಿ ಮೂರು ಬಾರಿಯೂ ಹೆಸರು ಬಾರದೆ 2022ರಲ್ಲಿ ಮರಳಿದವನು. ಸಾಲ ರೂಪಾಯಿಯಲ್ಲಿತ್ತು, ಸಂಬಳ ಡಾಲರಿನಲ್ಲಿತ್ತು. ಇಪ್ಪತ್ತಾರು ತಿಂಗಳಲ್ಲಿ ತೀರಿಸಿದೆ. ಆದರೂ ಇಂದಿಗೂ ಮದುವೆ ಮನೆಗಳಲ್ಲಿ "ವಾಪಸ್ ಕಳಿಸಿಬಿಟ್ಟರಂತೆ" ಎಂಬ ಪಿಸುಮಾತು ನನ್ನ ಬೆನ್ನ ಹಿಂದೆ ಕೇಳಿಸುತ್ತದೆ. ನಿಮ್ಮಂಥವರ ಬಾಯಿಂದಲೇ ಆ ಮಾತು ಹುಟ್ಟುವುದು. ಅಂದಹಾಗೆ, ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ ಆದಾಯ ತೆರಿಗೆ ವಿನಾಯಿತಿ ಇದೆ, ಅದನ್ನಾದರೂ ಪಡೆದಿರಾ?

ರಾಜಾಜಿನಗರದಿಂದ ಒಬ್ಬ ತಂದೆ: ತೆರಿಗೆಯೇ ಬಾರದ ಪಿಂಚಣಿದಾರನಿಗೆ ವಿನಾಯಿತಿಯಿಂದ ಏನು ಪ್ರಯೋಜನ? ಹೊಸ ತೆರಿಗೆ ಪದ್ಧತಿಯಲ್ಲಿ ಅದು ಯಾರಿಗೂ ಇಲ್ಲ. ನೀವು ಡಾಲರಿನಲ್ಲಿ ತೀರಿಸಿದಿರಿ. ಪಿಂಚಣಿಯಲ್ಲಿ ತೀರಿಸುವವನಿಗೆ ಉಪದೇಶ ಮಾಡಬೇಡಿ.

ಯಲಹಂಕದಿಂದ: ನನಗೂ 2019ರಲ್ಲಿ ಸೀಟು ಬಂದಿತ್ತು. ಅಪ್ಪನಿಗೆ ಡಯಾಲಿಸಿಸ್ ಆರಂಭವಾದ್ದರಿಂದ ಹೋಗಲಿಲ್ಲ. ಗೇಟ್ ಪ್ರವೇಶ ಪರೀಕ್ಷೆ ಬರೆದು, ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನದಲ್ಲಿ ಇಲ್ಲೇ ಎಂ.ಟೆಕ್ ಮುಗಿಸಿದೆ. ವಾರಕ್ಕೆ ಮೂರು ದಿನ ಅಪ್ಪನ ಪಕ್ಕದಲ್ಲಿ ಕುಳಿತು ಪ್ರಬಂಧ ಬರೆದೆ, ಆಸ್ಪತ್ರೆಯ ಬಿಲ್ಲಿನ ಪ್ರತಿ ಸಾಲನ್ನೂ ಪ್ರಶ್ನಿಸಲು ಕಲಿತೆ. ಮಲ್ಲೇಶ್ವರದವರೇ, ಕಾಗದ ಬಿಚ್ಚಿ ಓದುವುದನ್ನು ಕಲಿಯಲು ಇಷ್ಟು ಯೂರೋ ಬೇಕಿರಲಿಲ್ಲ. ಹೋದವರು ಮಾತ್ರ ಬೆಳೆದರು, ಉಳಿದವರು ಅಮ್ಮನ ಸೆರಗು ಹಿಡಿದು ಕುಳಿತರು ಎಂಬ ಧಾಟಿಯನ್ನು ನಾನು ಒಪ್ಪುವುದಿಲ್ಲ.

ಮಲ್ಲೇಶ್ವರದಿಂದ: ಆ ಮಾತನ್ನು ನಾನು ಎಲ್ಲಿಯೂ ಬರೆದಿಲ್ಲ. ನೀವು ಹೋಗದ ನೋವನ್ನು ನನ್ನ ವಾಕ್ಯಗಳಲ್ಲಿ ಹುಡುಕುತ್ತಿದ್ದೀರಿ.

ಯಲಹಂಕದಿಂದ: ನೋವಿದೆ, ಒಪ್ಪುತ್ತೇನೆ. ಆದರೆ ಆ ಎರಡು ವರ್ಷಗಳನ್ನು ಯಾವ ದೇಶದ ಪದವಿಗೂ ಕೊಡಲಾರೆ.

ಜಯನಗರದಿಂದ: ಪ್ರಶ್ನೆ ಕೇಳಿದವರು ಜರ್ಮನಿಯ ವಿಷಯ ಕೇಳಿದ್ದರು, ಡಯಾಲಿಸಿಸ್ ವಿಷಯವನ್ನಲ್ಲ.

ಯಲಹಂಕದಿಂದ: ನಿಮ್ಮ ಲಾಟರಿಯ ವಿಷಯವನ್ನೂ ಅವರು ಕೇಳಿರಲಿಲ್ಲ.

ಬಸವನಗುಡಿಯ ವಿದ್ಯಾರ್ಥಿನಿ: ದಯವಿಟ್ಟು ಜಗಳವಾಡಬೇಡಿ. ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಐದು ಬಂತೆಂದು ದೀಪ ಹಚ್ಚಿದ ಭಾಗವನ್ನು ಅವರು ಇನ್ನೊಮ್ಮೆ ಓದಿಸಿಕೊಂಡರು.

ರಾಜಾಜಿನಗರದಿಂದ ಒಬ್ಬ ತಂದೆ: ಮಲ್ಲೇಶ್ವರದವರೇ, ಒಂದು ಮಾತು ಕೇಳುತ್ತೇನೆ. ಫೇಲಾದ ವಿಷಯವನ್ನು ತಾಯಿಗೆ ಯಾವಾಗ ಹೇಳಿದಿರಿ? ಅವರು ಏನೆಂದರು? ನನ್ನ ಮಗ ಮೂರು ವಾರದಿಂದ ಕರೆ ಮಾಡಿಲ್ಲ, ಹಬ್ಬದ ದಿನವೂ ಮಾಡಲಿಲ್ಲ. ಕಂತಿನ ಮಾತು ಎತ್ತುವೆನೆಂಬ ಭಯವಿರಬಹುದು.

ಮಲ್ಲೇಶ್ವರದಿಂದ: ಮೂರನೆಯ ಪರೀಕ್ಷೆಗೆ ಹತ್ತು ದಿನ ಮೊದಲು ಹೇಳಿದೆ ಅಂಕಲ್. ಬಹಳ ಹೊತ್ತು ಆ ಕಡೆಯಿಂದ ಕುಕ್ಕರಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ "ಪರೀಕ್ಷೆ ಯಾವ ತಾರೀಖು?" ಎಂದು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು. ಹಣದ ಮಾತು ಅಂದು ಬರಲಿಲ್ಲ. ನಿಮ್ಮ ಮಗನ ಪಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ತಿಳಿದುಕೊಂಡು ನೀವೇ ಕರೆ ಮಾಡಿ.

ರಾಜಾಜಿನಗರದಿಂದ ಒಬ್ಬ ತಂದೆ: ರಾತ್ರಿ ಹತ್ತಕ್ಕೆ ಮುಗಿಯುತ್ತದೆ ಎಂದಿದ್ದ. ಅಂದರೆ ನಮಗೆ ಬೆಳಗಿನ ಜಾವ. ಎದ್ದಿರುತ್ತೇನೆ.